ಭುಜ ಕಾಯುವ ಉಕ್ಕು

ಉಕ್ಕಿನ ಭುಜಕವಚವನ್ನು ಒಬ್ಬರೇ ತೊಟ್ಟುಕೊಳ್ಳುವುದು ಬಲು ಕಷ್ಟ. ತೋಳಿನ ಸುತ್ತ ಬರುವ ತೊಗಲಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಾದರೂ ಬಿಗಿದುಕೊಳ್ಳಬಹುದು. ಕೊರಳ ಬುಡದಲ್ಲಿ, ಭುಜದ ಹಿಂಬದಿಗೆ ಬರುವ ಬಕಲ್ ಮಾತ್ರ ಕೈಗೆ ಸಿಗುವುದಿಲ್ಲ. ಒಂದು ಭುಜಕ್ಕೆ ಕವಚ ಏರಿದ ಮೇಲೆ ಆ ಕೈ ಇನ್ನೊಂದು ಭುಜದ ಹಿಂದಕ್ಕೆ ಸಲೀಸಾಗಿ ಬಾಗದು. ಬೆರಳುಗಳು ತಡಕಾಡುತ್ತವೆ, ಉಕ್ಕಿಗೆ ಉಕ್ಕು ತಾಗಿ ಕಿರ್ರೆನ್ನುತ್ತದೆ, ಬಕಲ್ಲಿನ ನಾಲಿಗೆ ಇನ್ನೇನು ತೂತಿಗೆ ಬಿತ್ತು ಎನ್ನುವಾಗ ಜಾರುತ್ತದೆ. ಕೊನೆಗೆ ಪಕ್ಕದವರನ್ನು ಕರೆಯಲೇಬೇಕು.

ಪೋಲೆಂಡಿನ ಗ್ರುನ್‌ವಾಲ್ಡ್ ಬಯಲಿನಲ್ಲಿ ಪ್ರತಿ ಜುಲೈ ತಿಂಗಳಲ್ಲೂ ಈ ಕರೆ ಡೇರೆಯಿಂದ ಡೇರೆಗೆ ಕೇಳಿಬರುತ್ತದೆ. 1410ರ ಜುಲೈ 15ರಂದು ಪೋಲೆಂಡ್ ಮತ್ತು ಲಿಥುವೇನಿಯಾದ ಸೇನೆಗಳು ಒಟ್ಟಾಗಿ ಟ್ಯೂಟಾನಿಕ್ ನೈಟ್‌ಗಳೆಂಬ ಯೋಧರ ಪಂಗಡವನ್ನು ಸೋಲಿಸಿದ್ದು ಅಲ್ಲೇ. ನೈಟ್‌ಗಳ ಮುಖ್ಯಸ್ಥ ಉಲ್ರಿಚ್ ಫಾನ್ ಯುಂಗಿಂಗನ್ ಆ ಕಾಳಗದಲ್ಲೇ ಸತ್ತ. ಅದನ್ನು ಮತ್ತೆ ಆಡಿ ತೋರಿಸಲು ಯುರೋಪಿನ ನಾನಾ ಕಡೆಯಿಂದ ಜನ ಬರುತ್ತಾರೆ. ವರ್ಷವೆಲ್ಲ ಬೇರೆ ಬೇರೆ ಕಸುಬಿನಲ್ಲಿರುವವರು ಕೆಲವು ದಿನ ಡೇರೆಯಲ್ಲಿ ಮಲಗಿ, ಕಟ್ಟಿಗೆ ಒಲೆಯ ಮೇಲೆ ಅಟ್ಟು ಉಂಡು, ಕಾಳಗದ ಹೊತ್ತಿಗೆ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ನಿಲ್ಲುತ್ತಾರೆ. ಹಿಂದೆ ನಿಂತವರು ಪಟ್ಟಿ ಎಳೆದು ಬಕಲ್ ಹಾಕಿ, ಭುಜದ ಮೇಲೊಂದು ಏಟು ಬಡಿದು, ಆಯಿತು ಹೋಗು ಎಂಬಂತೆ ಸೂಚಿಸುತ್ತಾರೆ. ಇಂಗ್ಲೆಂಡಿನ ಟ್ಯೂಕ್ಸ್‌ಬರಿಯಲ್ಲಿ 1471ರ ಕಾಳಗವನ್ನು ಮರಳಿ ಆಡುವವರೂ ಹೀಗೇ ಸಜ್ಜಾಗುತ್ತಾರೆ. ಒಂದೇ ಊರಿನ ಪರಿಚಯವೂ ಇಲ್ಲದ, ಭಾಷೆಯೂ ತಿಳಿಯದ ಇಬ್ಬರ ನಡುವೆ ಸ್ನೇಹ ಶುರುವಾಗಲು ಒಂದು ಬಕಲ್ ಸಾಕಾಗುತ್ತದೆ.

ಕರ್ಣನೊಬ್ಬನನ್ನು ಬಿಟ್ಟರೆ ಕವಚ ಮೈಯಲ್ಲೇ ಹುಟ್ಟಿ ಬಂದವರಿಲ್ಲ. ಉಳಿದವರೆಲ್ಲ ಕಟ್ಟಿಸಿಕೊಳ್ಳಬೇಕು. ಕಟ್ಟುವುದು ಹೇಗೆ ಎಂಬುದನ್ನು ಹದಿನೈದನೆಯ ಶತಮಾನದ ಇಂಗ್ಲಿಷ್ ಬರಹವೊಂದು ಒಂದೊಂದಾಗಿ ಹೇಳುತ್ತದೆ. ಈಗ ಆ ಹಸ್ತಪ್ರತಿ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಕಾಳಗಕ್ಕೆ ಇಳಿಯುವವನು ಒಳಗೆ ಬೇರೆ ಅಂಗಿ ತೊಡಬಾರದು. ಸ್ಯಾಟಿನ್ ಒಳಪದರದ, ಗಾಳಿಯಾಡಲು ಅಲ್ಲಲ್ಲಿ ತೂತಿಟ್ಟ ದಪ್ಪ ಬಟ್ಟೆಯ ಜಾಕೀಟೊಂದನ್ನು ಮಾತ್ರ ತೊಡಬೇಕು. ಕಂಕುಳಿಗೆ, ಮೊಣಕೈ ಮಡಿಕೆಗೆ ಕಬ್ಬಿಣದ ಬಳೆ ಹೆಣೆದ ಬಲೆಯ ತುಂಡುಗಳನ್ನು ಅದಕ್ಕೇ ಹೊಲಿದಿರಬೇಕು. ಕವಚ ಕಟ್ಟುವ ಕಸೆಗಳನ್ನು ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ಗಟ್ಟಿ ಹುರಿಯಿಂದಲೇ ಮಾಡಿ, ಚಪ್ಪಲಿ ಹೊಲಿಯುವವರ ಮೇಣ ಉಜ್ಜಿರಬೇಕು. ಆಗ ಅವು ಹಿಗ್ಗವು, ಹರಿಯವು. ತೊಡಿಸುವುದು ಪಾದದಿಂದ ಶುರು. ಕಾಲು, ತೊಡೆ, ಎದೆ, ಬೆನ್ನು ಎಲ್ಲ ಆದ ಮೇಲೆ ತೋಳಿನ ಸರದಿ. ಉಕ್ಕಿನ ಬಗ್ಗೆ ಹೇಳಬೇಕಾದ ಬರಹ ಹುರಿಯ ಬಗ್ಗೆ ಇಷ್ಟು ಕಾಳಜಿ ತೋರಿಸುವುದನ್ನು ಕಂಡರೆ, ಬರೆದವನು ಸ್ವತಃ ಕಟ್ಟಿ ಬಿಚ್ಚಿ ಬಲ್ಲವನು ಎಂದು ನಂಬಿಕೆ ಬರುತ್ತದೆ.

ಕವಚದಲ್ಲಿ ಎಲ್ಲಕ್ಕಿಂತ ಕಠಿಣವಾದ ಭಾಗ ಭುಜವೇ. ಎದೆಗೆ ಒಂದು ಚಿಪ್ಪು ಬಡಿದರೆ ಮುಗಿಯಿತು, ಎದೆ ಅತ್ತಿತ್ತ ಹೋಗುವುದಿಲ್ಲ. ಮೊಣಕಾಲು, ಮೊಣಕೈ ಬಾಗಿಲಿನ ತಿರುಗಣಿಯ ಜಾತಿ, ಒಂದೇ ದಿಕ್ಕಿಗೆ ಮಡಚುತ್ತವೆ. ಭುಜ ಹಾಗಲ್ಲ. ಮೈಯ ಕೀಲುಗಳಲ್ಲೆಲ್ಲ ಅತಿ ಹೆಚ್ಚು ಓಡಾಟ ಇರುವುದು ಅದಕ್ಕೆ. ಮೇಲೆ, ಕೆಳಗೆ, ಮುಂದೆ, ಹಿಂದೆ, ಸುತ್ತ. ಕೈ ಎತ್ತಿದಾಗ ತೋಳಷ್ಟೇ ಏಳುವುದಿಲ್ಲ, ಬೆನ್ನ ಮೇಲಿನ ರೆಕ್ಕೆಯೆಲುಬೂ ಜಾರಿ ತಿರುಗುತ್ತದೆ, ಭುಜದ ತುದಿ ಕಿವಿಯ ಕಡೆಗೆ ಸರಿಯುತ್ತದೆ. ಇಷ್ಟೆಲ್ಲ ಚಲಿಸುವ ಜಾಗಕ್ಕೆ ಚಲಿಸದ ಲೋಹ ಹೊದಿಸಬೇಕು. ಏಟು ಹೆಚ್ಚು ಬೀಳುವುದೂ ಅಲ್ಲಿಗೇ. ತಲೆಗೆಂದು ಬೀಸಿದ ಕತ್ತಿ ಶಿರಸ್ತ್ರಾಣಕ್ಕೆ ತಾಗಿ ಜಾರಿದರೆ ಬಂದು ಬೀಳುವುದು ಕಾಲರ್ ಬೋನ್ ಮೇಲೆ.

ಕಮ್ಮಾರರು ಇದಕ್ಕೆ ಕಂಡುಕೊಂಡ ದಾರಿ ಸೊಗಸಾದದ್ದು. ಭುಜದ ತುದಿಗೆ ಗುಂಡಗೆ ಉಬ್ಬಿದ ಒಂದು ಟೊಪ್ಪಿ. ಅದರ ಕೆಳಗೆ ತೋಳಿನುದ್ದಕ್ಕೆ ಒಂದರ ಅಂಚು ಇನ್ನೊಂದರ ಅಡಿ ಸೇರುವಂತೆ ಜೋಡಿಸಿದ ಬಾಗಿದ ಪಟ್ಟಿಗಳು. ಒಳಗಡೆ ಉದ್ದಕ್ಕೆ ತೊಗಲಿನ ಪಟ್ಟಿ ಇಟ್ಟು ಪ್ರತಿ ತಗಡನ್ನೂ ಅದಕ್ಕೆ ರಿವೆಟ್ ಹೊಡೆದಿರುತ್ತಾರೆ. ಕೈ ಎತ್ತಿದಾಗ ಅಂಗಡಿಯ ರೋಲಿಂಗ್ ಶಟರ್ ಸುತ್ತಿಕೊಳ್ಳುವಂತೆ ತಗಡುಗಳು ಒಂದರೊಳಗೊಂದು ಸೇರುತ್ತವೆ, ಇಳಿಸಿದಾಗ ಬಿಚ್ಚಿಕೊಳ್ಳುತ್ತವೆ. ಇನ್ನೂ ಜಾಣ್ಮೆಯ ಕೆಲಸ ಬೇಕಾದಲ್ಲಿ ತೊಗಲಿನ ಬದಲು ಜಾರುವ ರಿವೆಟ್. ಒಂದು ತಗಡಿನಲ್ಲಿ ದುಂಡು ತೂತು, ಅದರ ಜೊತೆಯದರಲ್ಲಿ ಉದ್ದನೆಯ ಸೀಳು. ರಿವೆಟ್ಟು ಆ ಸೀಳಿನಲ್ಲಿ ಅತ್ತಿತ್ತ ಸರಿಯುತ್ತದೆ. ತಗಡುಗಳು ಬೇಕಾದಷ್ಟು ಆಡುತ್ತವೆ, ಬೇಡದಷ್ಟು ಬಿಚ್ಚಿಕೊಳ್ಳುವುದಿಲ್ಲ. ಸೀಳು ಸ್ವಲ್ಪ ಕಿರಿದಾದರೆ ಕೈ ಮೇಲೇಳದು, ಸ್ವಲ್ಪ ಹೆಚ್ಚಾದರೆ ತಗಡುಗಳ ನಡುವೆ ಸಂದು ಬಿದ್ದು ಕತ್ತಿಯ ಮೊನೆಗೆ ದಾರಿ. ಒಬ್ಬ ಕವಚಗಾರ ಒಳ್ಳೆಯವನೋ ಅಲ್ಲವೋ ತಿಳಿಯಲು ಅವನ ಎದೆಕವಚದ ಹೊಳಪು ನೋಡಬೇಕಿಲ್ಲ, ಈ ಸೀಳು ನೋಡಿದರೆ ಸಾಕು.

ಹೀಗೆ ಟೊಪ್ಪಿಯೂ ತೋಳಿನ ಪಟ್ಟಿಗಳೂ ಇರುವ ಸಣ್ಣ ಬಗೆಗೆ ಸ್ಪಾಲ್ಡರ್ ಎನ್ನುತ್ತಾರೆ. ಎದೆಯ ಮೇಲೂ ಬೆನ್ನ ಮೇಲೂ ಹರಡಿ ಕಂಕುಳನ್ನೂ ಮುಚ್ಚುವ ದೊಡ್ಡ ಬಗೆ ಪಾಲ್ಡ್ರನ್. ಕಂಕುಳು ಮುಚ್ಚಲು ಇನ್ನೊಂದು ಉಪಾಯವೂ ಇತ್ತು. ಬೆಸಗ್ಯೂ ಎಂಬ ದುಂಡು ತಗಡನ್ನು ಭುಜದ ಮುಂದೆ ತೊಗಲಿನಲ್ಲಿ ತೂಗಬಿಡುವುದು. ಕೈ ಎತ್ತಿದರೆ ತಾನೇ ಪಕ್ಕಕ್ಕೆ ಸರಿದು, ಇಳಿಸಿದರೆ ತಾನೇ ಜಾಗಕ್ಕೆ ಬರುತ್ತದೆ.

ಈಗ ಇಂಥವನ್ನು ಬಡಿಯುವವರು ಹೆಚ್ಚಾಗಿ 16 ಅಥವಾ 18 ಗೇಜಿನ ತಗಡು ಬಳಸುತ್ತಾರೆ. ಅಂದರೆ ಸುಮಾರು ಒಂದೂವರೆ ಮಿಲಿಮೀಟರ್, ಇಲ್ಲವೇ 1.2 ಮಿಲಿಮೀಟರ್ ದಪ್ಪ. ಮರದ ದಿಮ್ಮಿಯಲ್ಲಿ ತೋಡಿದ ಗುಂಡಿಯ ಮೇಲೆ ತಗಡಿಟ್ಟು ಒಳಗಿನಿಂದ ಬಡಿದರೆ ಹೊಟ್ಟೆ ಉಬ್ಬುತ್ತದೆ. ಆದರೆ ಉಬ್ಬಿದಲ್ಲಿ ತಗಡು ಹಿಗ್ಗಿ ತೆಳುವಾಗುತ್ತದೆ, ಏಟು ಬೀಳುವ ಜಾಗವೇ ಅದು. ಹಾಗಾಗಿ ನಿಧಾನ ಬಲ್ಲವರು ಗುಂಡುತಲೆಯ ಕಬ್ಬಿಣದ ಗೂಟದ ಮೇಲಿಟ್ಟು ಹೊರಗಿನಿಂದ ಸುತ್ತಲೂ ಬಡಿದು ಬಡಿದು ಅಂಚನ್ನು ಒಳಕ್ಕೆ ಕುಗ್ಗಿಸುತ್ತಾರೆ. ಹೊತ್ತು ಬಹಳ ಹಿಡಿಯುತ್ತದೆ, ದಪ್ಪ ಉಳಿಯುತ್ತದೆ. ಕೊರಳ ಕಡೆಯ ಅಂಚನ್ನು ಹೊರಕ್ಕೆ ಸುರುಳಿ ಸುತ್ತುತ್ತಾರೆ. ತಗಡಿನ ಮೇಲೆ ಜಾರಿ ಬಂದ ಕತ್ತಿಯ ಬಾಯಿ ಅಲ್ಲಿಗೆ ತಡೆಯುತ್ತದೆ, ತೊಟ್ಟವರ ಚರ್ಮವೂ ಹರಿಯುವುದಿಲ್ಲ.

ಭುಜಕ್ಕೆ ಉಕ್ಕು ಬರುವ ಮೊದಲು ಶತಮಾನಗಳ ಕಾಲ ಯುರೋಪಿನ ಯೋಧರು ಬಳೆ ಹೆಣೆದ ಅಂಗಿಯನ್ನೇ ನೆಚ್ಚಿದ್ದರು. ಅದು ಕೊಯ್ತವನ್ನು ತಡೆಯುತ್ತಿತ್ತು, ಬಡಿತವನ್ನು ತಡೆಯುತ್ತಿರಲಿಲ್ಲ. ಚರ್ಮ ಹರಿಯದಿದ್ದರೂ ಒಳಗೆ ಎಲುಬು ಮುರಿಯುತ್ತಿತ್ತು. ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಚಿತ್ರಗಳಲ್ಲಿ, ಗೋರಿಯ ಮೂರ್ತಿಗಳಲ್ಲಿ ಭುಜದ ಮೇಲೆ ಹಲಗೆಯಂಥ ಚೌಕ ವಸ್ತುಗಳು ಕಾಣಿಸತೊಡಗುತ್ತವೆ. ಏಲೆಟ್ ಎಂದು ಅವುಗಳ ಹೆಸರು. ಮೇಲೆ ಮನೆತನದ ಲಾಂಛನ ಬರೆದಿರುತ್ತಿತ್ತು, ದೂರದಿಂದಲೇ ಇಂಥವನೆಂದು ತಿಳಿಯುವಂತೆ. 1278ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವಿಂಡ್ಸರ್ ಪಾರ್ಕಿನಲ್ಲಿ ಒಂದು ಪಂದ್ಯ ಏರ್ಪಡಿಸಿದ್ದ. ಅದಕ್ಕಾಗಿ ಕೊಂಡ ಸಾಮಾನಿನ ಲೆಕ್ಕಪತ್ರ ಇಂದಿಗೂ ಉಳಿದಿದೆ. 38 ಮಂದಿಗೆ ತೊಗಲಿನ ಕವಚ, ತೊಗಲಿನ ಏಲೆಟ್, ತೊಗಲಿನ ಶಿರಸ್ತ್ರಾಣ. ಕತ್ತಿಗಳೋ ತಿಮಿಂಗಿಲದ ಬಲೀನ್ ಮತ್ತು ಚರ್ಮಕಾಗದದಲ್ಲಿ ಮಾಡಿ ಬೆಳ್ಳಿಬಣ್ಣ ಕೊಟ್ಟವು! ನೈಟ್‌ಗಳು ಬದುಕಿದ್ದ ಕಾಲದಲ್ಲೇ ನೈಟ್‌ಗಳು ವೇಷದ ಕವಚ ತೊಟ್ಟು ಹುಸಿ ಕತ್ತಿ ಹಿಡಿದು ಆಡಿದ್ದರು. ಇಂದು ಫೋಮ್ ಕವಚ ತೊಟ್ಟವರನ್ನು ಕಂಡು, ಇದು ನಿಜದ್ದಲ್ಲ ಎಂದು ಮೂಗು ಮುರಿಯುವವರು ಈ ಲೆಕ್ಕಪತ್ರವನ್ನೊಮ್ಮೆ ನೆನೆಯಬೇಕು.

ಕನ್ನಡದವರಿಗೆ ಇದರಲ್ಲಿ ಅಚ್ಚರಿ ಇರಲಾರದು. ಯಕ್ಷಗಾನದ ರಾಜವೇಷಕ್ಕೆ ಭುಜಕೀರ್ತಿ ಕಟ್ಟುವುದನ್ನು ಚೌಕಿಯಲ್ಲಿ ನೋಡಿದವರಿಗೆ ಹಗುರ ಮರ, ಬೇಗಡೆ, ಕನ್ನಡಿ ಚೂರು ಸೇರಿ ಮನುಷ್ಯನೊಬ್ಬನ ಭುಜವನ್ನು ಎಷ್ಟು ದೊಡ್ಡದು ಮಾಡಬಲ್ಲವು ಎಂಬುದು ಗೊತ್ತು. ಅದನ್ನೂ ದಾರದಲ್ಲಿ ಬಿಗಿಯಬೇಕು. ಸಡಿಲವಾದರೆ ಗಿರಕಿ ಹೊಡೆಯುವಾಗ ಜಾರುತ್ತದೆ, ಅತಿ ಬಿಗಿಯಾದರೆ ಬೆಳಗಿನವರೆಗೆ ತಾಳುವುದು ಕಷ್ಟ. ಏಟು ತಡೆಯಬೇಕಿಲ್ಲದ ಭುಜಕ್ಕೂ ಕಟ್ಟು ಸರಿಯಾಗಿರಬೇಕು.

ಹದಿನೈದನೆಯ ಶತಮಾನದ ಹೊತ್ತಿಗೆ ಇಟಲಿಯ ಮಿಲಾನ್ ನಗರ ಕವಚದ ಕಸುಬಿನಲ್ಲಿ ಯುರೋಪಿಗೇ ಹೆಸರಾಗಿತ್ತು. ಅಲ್ಲಿನ ಕೊರಿಯೊ ಮನೆತನದವರು 1440ರ ಸುಮಾರಿಗೆ ಬಡಿದ ಒಂದು ಕವಚ ಈಗ ಗ್ಲಾಸ್ಗೋದ ಕೆಲ್ವಿನ್‌ಗ್ರೋವ್ ಮ್ಯೂಸಿಯಮ್ಮಿನಲ್ಲಿದೆ. ಎದೆಯ ಮೇಲೆ ಅವಾಂತ್, ಅಂದರೆ ಮುಂದೆ, ಎಂದು ಕೆತ್ತಿರುವುದರಿಂದ ಅದೇ ಹೆಸರಿನಿಂದ ಕರೆಯುತ್ತಾರೆ. ಆ ಕಾಲದ ಮಿಲಾನಿನ ಭುಜಕವಚಗಳನ್ನು ನೋಡುವವರಿಗೆ ಮೊದಲು ಕಣ್ಣಿಗೆ ಹೊಡೆಯುವುದು ಎಡಬಲದ ಅಂತರ. ಎಡ ಭುಜದ್ದು ದೊಡ್ಡದು, ಅದರ ಮೇಲೆ ಇನ್ನೊಂದು ಹೆಚ್ಚುವರಿ ತಗಡು ಬೇರೆ. ಬಲದ್ದು ಚಿಕ್ಕದು, ಕಂಕುಳ ಮುಂದೆ ಕತ್ತರಿಸಿದ್ದು. ಕಾರಣ ಈಟಿ. ಕುದುರೆ ಸವಾರ ಈಟಿಯನ್ನು ಬಲ ಕಂಕುಳಲ್ಲಿ ಅದುಮಿ, ಎದೆಕವಚದ ಬಲಕ್ಕೆ ಜೋಡಿಸಿದ ಒಂದು ಆನಿಕೆಗೆ ಕೊಟ್ಟು ನುಗ್ಗುತ್ತಿದ್ದ. ಅಲ್ಲಿ ಜಾಗ ಬಿಡಲೇಬೇಕು. ಎದುರಾಳಿಯ ಈಟಿ ಬರುತ್ತಿದ್ದುದು ಸಾಮಾನ್ಯವಾಗಿ ಎಡಗಡೆಗೆ. ಅಲ್ಲಿ ಉಕ್ಕು ಹೆಚ್ಚು ಬೇಕು. ಎರಡೂ ಭುಜಗಳು ಒಂದೇ ಅಳತೆಯಲ್ಲಿದ್ದರೆ ಅಂದ ಎನ್ನುವ ಕಣ್ಣಿಗೆ ಇದು ವಿಚಿತ್ರ. ಆದರೆ ಒಮ್ಮೆ ಕಾರಣ ತಿಳಿದರೆ ಆಮೇಲೆ ಸಮ ಜೋಡಿಯೇ ಸಪ್ಪೆ ಎನ್ನಿಸುತ್ತದೆ.

ಎಡಬಲದ ಮಾತು ಬಂದಾಗ ಮೂರನೆಯ ರಿಚರ್ಡ್ ನೆನಪಾಗದೆ ಇರುವುದಿಲ್ಲ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಸತ್ತ ಈ ಇಂಗ್ಲಿಷ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಜಾಗದ ಅಡಿ ಸಿಕ್ಕಿತು. ಬೆನ್ನೆಲುಬು ಪಕ್ಕಕ್ಕೆ ಬಾಗಿತ್ತು. ಬಲ ಭುಜ ಎಡದ್ದಕ್ಕಿಂತ ಮೇಲಿದ್ದಿರಬೇಕು. ಇಂಥ ಮೈಯವನು ಕವಚ ತೊಟ್ಟು, ಕುದುರೆ ಏರಿ, ಕಾದಾಡುವುದು ಸಾಧ್ಯವಿತ್ತೇ ಎಂಬ ಪ್ರಶ್ನೆ ಎದ್ದಿತು. ಹೆಚ್ಚುಕಡಿಮೆ ಅದೇ ರೀತಿ ಬೆನ್ನು ಬಾಗಿದ ಒಬ್ಬ ಯುವಕನನ್ನು ಹುಡುಕಿ, ಅವನ ಅಳತೆಗೇ ಕವಚ ಬಡಿಸಿ, ಕುದುರೆ ಸವಾರಿ ಕಲಿಸಿ ನೋಡಿದರು. 2014ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ ಬಂದ ಆ ಸಾಕ್ಷ್ಯಚಿತ್ರದಲ್ಲಿ ಅವನು ಸವಾರಿಯನ್ನೂ ಮಾಡಿದ, ಕಾದಾಟವನ್ನೂ ಮಾಡಿದ. ಈಗಿನ ಜೀನಿಗಿಂತ ಹಿಂದೆ ಮುಂದೆ ಎತ್ತರವಿರುವ ಆ ಕಾಲದ ಜೀನು ಅವನ ಬೆನ್ನಿಗೆ ಆಸರೆಯಾಯಿತು. ಕವಚದ ಇತಿಹಾಸ ಹೇಳುವ ಎಷ್ಟೋ ಪುಸ್ತಕಗಳಿಗಿಂತ ಹೆಚ್ಚಿನದನ್ನು ಈ ಒಂದು ಪ್ರಯೋಗ ತಿಳಿಸುತ್ತದೆ. ಒಳ್ಳೆಯ ಕವಚ ಮೈಗೆ ತಕ್ಕಂತೆ ಆಗುತ್ತಿತ್ತು, ಮೈ ಕವಚಕ್ಕೆ ತಕ್ಕಂತೆ ಆಗಬೇಕಿರಲಿಲ್ಲ. ಏರುಪೇರಿನ ಭುಜಕ್ಕೆ ಏರುಪೇರಾಗಿಯೇ ತಗಡು ಬಡಿಯುವುದು ಬಲ್ಲ ಕಮ್ಮಾರನಿಗೆ ದೊಡ್ಡ ಮಾತಲ್ಲ. ಅವನಿಗೆ ಎಡಬಲ ಬೇರೆ ಬೇರೆ ಮಾಡುವುದು ಮೊದಲೇ ರೂಢಿ.

ಕವಚ ಎಂದ ಕೂಡಲೇ ಭಾರದ ಮಾತು ಬರುತ್ತದೆ. ಲಾರೆನ್ಸ್ ಒಲಿವಿಯೆ 1944ರಲ್ಲಿ ತೆಗೆದ 'ಹೆನ್ರಿ ದ ಫಿಫ್ತ್' ಚಿತ್ರದಲ್ಲಿ ನೈಟ್ ಒಬ್ಬನನ್ನು ರಾಟೆಯಲ್ಲಿ ಎತ್ತಿ ಕುದುರೆಯ ಮೇಲೆ ಇಳಿಸುವ ದೃಶ್ಯವಿದೆ. ಜನರ ಮನಸ್ಸಿನಿಂದ ಅದು ಇನ್ನೂ ಇಳಿದಿಲ್ಲ. ನಿಜವಾದ ಕಾಳಗದ ಕವಚ ಅಡಿಯಿಂದ ಮುಡಿಯವರೆಗೆ ಸುಮಾರು 20ರಿಂದ 25 ಕಿಲೋ. ಅದೂ ಮೈತುಂಬ ಹಂಚಿಹೋದದ್ದು. ಫ್ರಾನ್ಸಿನ ಸೇನಾಪತಿ ಬೂಸಿಕೋ ಬದುಕಿದ್ದಾಗಲೇ ಬರೆದ ಅವನ ಚರಿತ್ರೆಯಲ್ಲಿ, ಅವನು ಶಿರಸ್ತ್ರಾಣ ಒಂದನ್ನು ಬಿಟ್ಟು ಉಳಿದೆಲ್ಲ ಕವಚ ತೊಟ್ಟು ಲಾಗ ಹಾಕುತ್ತಿದ್ದ ಎಂದಿದೆ. ಗೋಡೆಗೆ ಒರಗಿಸಿದ ಏಣಿಯ ಹಿಂಬದಿಯನ್ನು, ಉಕ್ಕಿನ ಅಂಗಿ ತೊಟ್ಟೇ, ಕಾಲು ತಾಗಿಸದೆ ಬರಿ ಕೈಯಿಂದ ಹತ್ತುತ್ತಿದ್ದನಂತೆ. ಭುಜದ ತಗಡುಗಳು ತಲೆಯ ಮೇಲಿನವರೆಗೂ ಸಲೀಸಾಗಿ ಸರಿಯದಿದ್ದರೆ ಇದು ಆಗುವ ಕೆಲಸವಲ್ಲ. ನಮ್ಮ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಡೇನಿಯಲ್ ಜಾಕೆ ತನ್ನ ಮೈಗೆ ಬಡಿಸಿದ ಕವಚ ತೊಟ್ಟು, ಅಷ್ಟೇ ಹೊರೆ ಹೊತ್ತ ಸೈನಿಕ ಮತ್ತು ಅಗ್ನಿಶಾಮಕನ ಜೊತೆ ಅಡೆತಡೆಯ ಓಟ ಓಡಿ ತೋರಿಸಿದ್ದಾರೆ.

ಹಾಗೆಂದು ಕವಚ ಹೂವಿನ ಹಾರವಲ್ಲ. ಲೀಡ್ಸ್ ವಿಶ್ವವಿದ್ಯಾಲಯದ ಗ್ರಹಾಂ ಆಸ್ಕ್ಯೂ ಮತ್ತು ಜೊತೆಗಾರರು ರಾಯಲ್ ಆರ್ಮರೀಸ್ ಮ್ಯೂಸಿಯಮ್ಮಿನ ಕಾದಾಟ ಪ್ರದರ್ಶಕರಿಗೆ ಕವಚ ತೊಡಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕವಚವಿಲ್ಲದೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಕಾರಣ, ಬೆನ್ನ ಮೇಲೆ ಹೊತ್ತ ಗಂಟಿಗಿಂತ ಕೈಕಾಲಿಗೆ ಹಂಚಿದ ಭಾರ ಬೇರೆ. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಬೀಸಬೇಕು. ಎದೆಯ ಬಿಗಿತದಿಂದ ಉಸಿರೂ ಆಳಕ್ಕೆ ಇಳಿಯುವುದಿಲ್ಲ. ಗ್ರುನ್‌ವಾಲ್ಡ್ ಬಿಸಿಲಲ್ಲಿ ಕಾದಾಡಿ ಬಂದವರು ಎಲ್ಲಕ್ಕಿಂತ ಮೊದಲು ಶಿರಸ್ತ್ರಾಣ ಕಳಚುವುದು ಇದಕ್ಕೇ.

ಭಾರ ತಾಳುವುದು ಉಕ್ಕಿನಿಂದಲ್ಲ, ಒಳಗಿನ ಬಟ್ಟೆಯಿಂದ. ಭುಜಕವಚವನ್ನು ಬರಿ ಅಂಗಿಯ ಮೇಲೆ ಇಟ್ಟರೆ ಅರ್ಧ ಗಂಟೆಯಲ್ಲಿ ಎಲುಬಿನ ಮೇಲೆ ಕೂತು ಒತ್ತತೊಡಗುತ್ತದೆ. ಪದರ ಪದರವಾಗಿ ಹೊಲಿದ ದಪ್ಪ ಒಳಂಗಿ ಇದ್ದರೆ ಅದೇ ಕವಚ ತೇಲುತ್ತದೆ, ಏಟಿನ ಬಿಸಿಯೂ ಅಲ್ಲೇ ತಣಿಯುತ್ತದೆ. ಈ ಗುಟ್ಟು ಯುರೋಪಿನವರಿಗೆ ಮಾತ್ರ ತಿಳಿದದ್ದೇನಲ್ಲ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಅಲ್ಲಿನ ಸವಾರರು ಪದರ ಹೊಲಿದ ಅಂಗಿಯನ್ನೂ, ಕಬ್ಬಿಣದ ತಗಡು ಸೇರಿಸಿದ ಇಮ್ಮಡಿ ತೊಗಲನ್ನೂ ತೊಟ್ಟದ್ದನ್ನು ಬರೆದಿಟ್ಟಿದ್ದಾನೆ.

ಹಳೆಯ ಕವಚ ತೊಟ್ಟು ಮೆರೆಯುವ ಆಸೆ ಹೊಸದಲ್ಲ. 1839ರ ಆಗಸ್ಟ್ ಕೊನೆಯಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್ ಕೋಟೆಯಲ್ಲಿ ಅಲ್ಲಿನ ಜಹಗೀರುದಾರ ನಡೆಸಿದ ಪಂದ್ಯಕ್ಕೆ ಲಕ್ಷದಷ್ಟು ಜನ ಸೇರಿದ್ದರೆಂದು ಹೇಳುತ್ತಾರೆ. ಲಂಡನ್ನಿನ ಪ್ರಾಟ್ ಎಂಬ ಹಳೆಯ ಸಾಮಾನಿನ ವ್ಯಾಪಾರಿಯಿಂದ ಕವಚಗಳು ಬಂದಿದ್ದವು. ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ನನೂ ಭಾಗವಹಿಸಿದ್ದ. ಮೊದಲ ದಿನವೇ ಸ್ಕಾಟ್ಲೆಂಡಿನ ಮಳೆ ಸುರಿಯಿತು. ಮೆರವಣಿಗೆ ಕೆಸರಿನಲ್ಲಿ ಹೂತಿತು, ಪಂದ್ಯದ ರಾಜನಾಗಿ ಬಂದ ಲಾರ್ಡ್ ಲಂಡನ್‌ಡೆರಿ ಕೊಡೆ ಬಿಚ್ಚಿದ. ಪತ್ರಿಕೆಗಳು ನಕ್ಕವು. ಆದರೆ ಮಳೆ ನಿಂತ ಮೇಲೆ ಅವರು ಮತ್ತೆ ಕವಚ ತೊಟ್ಟು ಪಂದ್ಯ ಆಡಿಯೇ ಹಿಂತಿರುಗಿದರು ಎಂಬುದನ್ನೂ ಹೇಳಬೇಕು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ಕೆಲವು ಗೆಳೆಯರು ಸೇರಿ ಆಡಿದ ಆಟದಿಂದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ ಹುಟ್ಟಿತು. ಅವರ ಕತ್ತಿ ಬೆತ್ತದ್ದು, ಕವಚ ಮಾತ್ರ ನಿಜದ್ದು. 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಶುರುವಾದ 'ಬ್ಯಾಟಲ್ ಆಫ್ ದ ನೇಷನ್ಸ್' ಪಂದ್ಯದಲ್ಲಿ ಕತ್ತಿಯೂ ಉಕ್ಕಿನದೇ, ಬಾಯಿ ಮೊಂಡಾಗಿಸಿದ್ದು. ಏಟು ಹುಸಿಯಲ್ಲ. ಅಲ್ಲಿ ಭುಜಕವಚ ಅಲಂಕಾರವಲ್ಲ, ಕಾಲರ್ ಬೋನಿಗೆ ಇರುವ ಒಂದೇ ಭರವಸೆ.

ವೇಷಕ್ಕೆ ಮಾಡುವ ಕವಚದ ಲೋಕವೇ ಬೇರೆ, ಅದಕ್ಕೂ ಅದರದೇ ಮರ್ಯಾದೆ ಇದೆ. ಜಾನ್ ಬೂರ್‌ಮನ್ನರ 'ಎಕ್ಸ್‌ಕ್ಯಾಲಿಬರ್' ಚಿತ್ರಕ್ಕೆ ಟೆರಿ ಇಂಗ್ಲಿಷ್ ಮಾಡಿದ ಹೊಳೆಯುವ ಕವಚಗಳು ಅಲ್ಯೂಮಿನಿಯಮ್ಮಿನವು. 1975ರ 'ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್' ಚಿತ್ರದಲ್ಲಿ ಕಾಣುವ ಕಬ್ಬಿಣದ ಬಳೆಯಂಗಿ ಉಣ್ಣೆಯಲ್ಲಿ ಹೆಣೆದು ಬೆಳ್ಳಿಬಣ್ಣ ಬಳಿದದ್ದು. ದೊರೆಗಳೂ ತೋರಿಕೆಯನ್ನು ಬಿಟ್ಟವರಲ್ಲ. ರಾಯಲ್ ಆರ್ಮರೀಸ್ ಸಂಗ್ರಹದಲ್ಲಿರುವ, ಹದಿನಾರನೆಯ ಶತಮಾನದ ನಡುವಿನ ಸಿಂಹ ಕವಚ ಎಂಬುದರಲ್ಲಿ ಎರಡೂ ಭುಜಗಳು ಬಾಯಿ ತೆರೆದ ಸಿಂಹದ ತಲೆಗಳು. ಅಂಥ ಉಬ್ಬುಗೆತ್ತನೆಯ ಉಕ್ಕು ಕಾಳಗಕ್ಕೆ ಕೆಲಸಕ್ಕೆ ಬಾರದು. ಈಟಿಯ ಮೊನೆ ಜಾರಿ ಹೋಗುವ ಬದಲು ಸಿಂಹದ ಕೇಸರದಲ್ಲೇ ಸಿಕ್ಕಿಕೊಳ್ಳುತ್ತದೆ. ಮೆರವಣಿಗೆಗೆ ಅದಕ್ಕಿಂತ ಚೆಲುವಾದದ್ದು ಸಿಗದು.

ಇಂದು ಲೋಕದ ಬೇರೆ ಬೇರೆ ಕಡೆ ಹಬ್ಬಗಳಲ್ಲಿ ಕಾಣುವ ಉಕ್ಕಿನ ಕವಚಗಳಲ್ಲಿ ಸಾಕಷ್ಟು ಭಾರತದಲ್ಲಿ ತಯಾರಾದವು. ಡೆಹ್ರಾಡೂನಿನಲ್ಲಿ 1943ರಲ್ಲಿ ಶುರುವಾದ ವಿಂಡ್‌ಲಾಸ್ ಸ್ಟೀಲ್‌ಕ್ರಾಫ್ಟ್ಸ್ ಸೈನ್ಯದ ಖುಕ್ರಿ, ಕತ್ತಿಗಳ ಜೊತೆಗೆ ಐರೋಪ್ಯ ಮಧ್ಯಯುಗದ ಆಯುಧ, ಕವಚಗಳನ್ನೂ ಮಾಡಿ ಹೊರದೇಶಗಳಿಗೆ ಕಳಿಸುತ್ತದೆ. ಗ್ಲಾಸ್ಗೋದ ಗಾಜಿನ ಪೆಟ್ಟಿಗೆಯಲ್ಲಿರುವ ಆಕಾರವನ್ನು ಹಿಮಾಲಯದ ಬುಡದಲ್ಲಿ ಒಬ್ಬರು ಸುತ್ತಿಗೆಯಲ್ಲಿ ಎಬ್ಬಿಸುತ್ತಿದ್ದಾರೆ ಎನ್ನುವುದು ಹೆಮ್ಮೆಯ ಸಂಗತಿ. ಅವರ ಹೆಸರು ಕವಚದ ಮೇಲೆ ಬರುವುದಿಲ್ಲ. ಮಿಲಾನಿನ ಕಮ್ಮಾರರು ತಮ್ಮ ಗುರುತನ್ನು ಉಕ್ಕಿಗೆ ಒತ್ತುತ್ತಿದ್ದರು. ಇವರಿಗೂ ಆ ಹಕ್ಕು ಸಿಗಬೇಕು.

ಕವಚ ಕಾಣಲು ಮ್ಯೂಸಿಯಮ್ಮಿಗೆ ಹೋದವರು ಮುಂದೆ ನಿಂತು ನೋಡಿ, ಬೆನ್ನಿನ ಬದಿ ನೋಡದೆಯೇ ಹೊರಟುಬಿಡುತ್ತಾರೆ. ಇದಕ್ಕೊಂದು ಪರಿಹಾರ ಇಂಗ್ಲೆಂಡಿನ ವಾರಿಕ್ ಪಟ್ಟಣದ ಸೇಂಟ್ ಮೇರಿ ಚರ್ಚಿನಲ್ಲಿದೆ. 1439ರಲ್ಲಿ ಸತ್ತ ಅಲ್ಲಿನ ಅರ್ಲ್ ರಿಚರ್ಡ್ ಬೀಚಮ್‌ನ ಗೋರಿಯ ಮೇಲೆ ಮಿಲಾನ್ ಮಾದರಿಯ ಕವಚ ತೊಟ್ಟು ಮಲಗಿರುವ ಅವನ ಗಿಲೀಟಿನ ಲೋಹಮೂರ್ತಿ ಇದೆ, 1450ರ ದಶಕದ ಎರಕ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಚಿತ್ರಕಾರ ಚಾರ್ಲ್ಸ್ ಸ್ಟೊಥರ್ಡ್ ಅದನ್ನು ಮಗುಚಿಸಿ ನೋಡಿದ. ಯಾರ ಕಣ್ಣಿಗೂ ಬೀಳದ ಬೆನ್ನಿನ ಬದಿಯಲ್ಲೂ ಪ್ರತಿ ಪಟ್ಟಿ, ಪ್ರತಿ ಬಕಲ್, ಭುಜದ ತಗಡುಗಳು ಬೆನ್ನ ಮೇಲೆ ಒಂದರ ಮೇಲೊಂದು ಹಾಯುವ ರೀತಿ, ಎಲ್ಲವನ್ನೂ ಮುಂಬದಿಯಷ್ಟೇ ಶ್ರದ್ಧೆಯಿಂದ ಮೂಡಿಸಿದ್ದರು. ನಿಜವಾದ ಹಳೆಯ ಕವಚಗಳಲ್ಲಿ ತೊಗಲು ಕೊಳೆತುಹೋಗಿರುತ್ತದೆ, ಪಟ್ಟಿ ಎಲ್ಲಿತ್ತು, ಹೇಗೆ ಬಿಗಿದಿತ್ತು ಎಂದು ಊಹಿಸಬೇಕು. ಈ ಮೂರ್ತಿಯಲ್ಲಿ ಊಹೆ ಬೇಕಿಲ್ಲ. ಇಂಗ್ಲಿಷ್ ನೈಟ್‌ಗಳ ಕವಚದ ಬಗ್ಗೆ ದೊಡ್ಡ ಪುಸ್ತಕಗಳನ್ನು ಬರೆದ ಟೋಬಿಯಾಸ್ ಕ್ಯಾಪ್‌ವೆಲ್ ಇಂಥ ಗೋರಿಮೂರ್ತಿಗಳನ್ನೇ ಮುಖ್ಯ ಆಧಾರ ಮಾಡಿಕೊಂಡದ್ದು ಸುಮ್ಮನೆ ಅಲ್ಲ.

ಅಗ್ಗದ ಭುಜಕವಚಗಳು ಎಡವುವುದೂ ಬೆನ್ನಿನ ಬದಿಯಲ್ಲೇ. ಮುಂದಿನಿಂದ ಫಳಫಳ, ಹಿಂದೆ ಪಟ್ಟಿ ಇರಬೇಕಾದಲ್ಲಿ ಇರುವುದಿಲ್ಲ, ತಗಡುಗಳಿಗೆ ಸರಿಯಲು ಸೀಳಿರುವುದಿಲ್ಲ, ಕೊರಳ ಅಂಚು ಸುರುಳಿ ಸುತ್ತದೆ ಹಾಗೇ ಕತ್ತರಿಸಿ ಬಿಟ್ಟಿರುತ್ತದೆ. ಫೋಟೋ ತೆಗೆಸಿಕೊಳ್ಳುವ ವೇಷಕ್ಕೆ ಅದರಿಂದ ತೊಂದರೆಯಿಲ್ಲ, ಹಗುರವಾಗಿದ್ದರೆ ಇನ್ನೂ ಒಳ್ಳೆಯದೇ. ಕಾದಾಟಕ್ಕೆ ಅದನ್ನು ತೊಟ್ಟು ಇಳಿಯಬಾರದು. ಕೊಳ್ಳುವ ಮನಸ್ಸಿರುವವರು ಮೊದಲು ದಪ್ಪ ಒಳಂಗಿ ಹೊಲಿಸಿಕೊಳ್ಳಿ, ಅಳತೆಯನ್ನು ಅದರ ಮೇಲೆಯೇ ಕೊಡಿ. ಕವಚ ಕೈಗೆ ಬಂದ ದಿನ ಅದನ್ನು ಕಟ್ಟಿಸಿಕೊಂಡು ಎರಡೂ ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಆಮೇಲೆ ನಿಮ್ಮ ಎರಡು ಭುಜಗಳನ್ನು ನೀವೇ ತಬ್ಬಿಕೊಳ್ಳುವಂತೆ ಮುಂದಕ್ಕೆ ತನ್ನಿ. ಎಲ್ಲಾದರೂ ತಗಡು ಸಿಕ್ಕಿಕೊಂಡರೆ, ಕೊರಳಿಗೆ ಅಂಚು ಚುಚ್ಚಿದರೆ, ಹೊಳಪಿಗೆ ಮರುಳಾಗದೆ ಅದನ್ನು ಮಾಡಿದವರಿಗೇ ಹಿಂದಕ್ಕೆ ಕಳಿಸಿ.